ಮೊದಲ ತುತ್ತು

ಶಾಂಘಾಯಿ, ಶನಿವಾರ, ೪ ಮಾರ್ಚ್ ೧೯೧೧

ನಮ್ಮೂರು ಇಲಕಲ್ಲಿಗೆ ಮರಳಿ ಹೋಗಲು ನನಗೆ ಮನಸ್ಸಿಲ್ಲ. ಚಾಚಾನಿಗೆ ಇದನ್ನು ಇಷ್ಟು ದಿನ ಹೇಳಿಲ್ಲ. ಅಲ್ಲಿ ನಾನು ಸಾಲಿ ಬಿಟ್ಟವನು, ಮಗ್ಗಕ್ಕೂ ಬೇಡವಾದವನು. ಇಲ್ಲಿ ಚಾಚಾನ ಅಂಗಡಿಯ ಚೀನೀ ಹುಡುಗರು ನನ್ನಿಂದ ಇಂಗ್ಲಿಷು ಕಲಿತು ಮಾಸ್ತರ ಅನ್ನುತ್ತಾರೆ.

ಅವರೆಲ್ಲ ಗುಮಾಸ್ತರ ಪರೀಕ್ಷೆ ಪಾಸಾದರೆಂದು ಈ ಸಂಜೆ ಊಟಕ್ಕೆ ಕರೆದಿದ್ದೆ. ಪಲಾವು ಬಡಿಸಿ ನಮ್ಮ ಮನೆಯ ರೂಢಿಯಂತೆ ಪಕ್ಕಕ್ಕೆ ನಿಂತೆ. ಕರೆದವನು ಕೊನೆಗೆ ಉಣ್ಣಬೇಕು. ಅವರು ತಟ್ಟೆ ಮುಟ್ಟದೆ ನನ್ನನ್ನೇ ನೋಡುತ್ತ ಕುಳಿತರು. ಅಡುಗೆ ಹಿಡಿಸಲಿಲ್ಲವೇನೋ ಅಂದುಕೊಂಡೆ. ತುಪ್ಪ ಹೆಪ್ಪುಗಟ್ಟತೊಡಗಿತು.

ಒಲೆಯ ಕಡೆಯಿಂದ ಚಾಚಾ ಕೂಗಿದರು: "ನಿನ್ನ ಪಲಾವು ಕೆಟ್ಟಿಲ್ಲಲೇ! ಇಲ್ಲಿ ಮಾಸ್ತರ ಮೊದಲ ಉಣ್ಣದ ಹೊರತು ಹುಡುಗರು ಉಣ್ಣಂಗಿಲ್ಲ. ಕುಂದರಲೇ!"

ಕುಳಿತು ಒಂದು ತುತ್ತು ತಿಂದೆ. ಎಲ್ಲರೂ ಒಮ್ಮೆಲೇ ಉಣ್ಣತೊಡಗಿದರು. ಹಿರಿಯ ಹುಡುಗ ಚೆನ್, "ಇನ್ನು ನಮಗೆ ಪಾಠ ಬೇಡ, ಮಾಸ್ತರೇ" ಎಂದು ನಕ್ಕ. ಖರೆ ಮಾತು. ಇಲ್ಲೇ ಇರಿ ಎಂದು ಯಾರಾದರೂ ಅಂದಾರು ಎಂದು ಕಾಯುತ್ತಿದ್ದೆ. ಯಾರೂ ಅನ್ನಲಿಲ್ಲ. ಅಳುವೂ ಬರಲಿಲ್ಲ. ಎದ್ದು ಚಹಾ ಕೊಟ್ಟೆ.

ಚಾಚಾ ಮಲಗಿದ್ದಾರೆ; ನನ್ನ ಮನಸ್ಸಿನ ಮಾತು ಇನ್ನು ಅವರಿಗೆ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಹಡಗು ಹತ್ತುತ್ತೇವೆ.