ನಿಮ್ಮ ಫಲಕದಲ್ಲಿರುವ ಹಸು ನಮ್ಮ ಬೀದಿಯದು

ಹೈನು ವಿಜ್ಞಾನ ಪ್ರಚಾರ ಕೇಂದ್ರದ ನಿರ್ದೇಶಕರಿಗೆ,

ಮಾನ್ಯರೇ,

ಈ ವರ್ಷದ ಜನವರಿಯಲ್ಲಿ ನೀವು ನಡೆಸಿದ ವಸ್ತುಪ್ರದರ್ಶನದ ಬಾಗಿಲಲ್ಲಿ ಆಳೆತ್ತರದ ಒಂದು ಫಲಕ ನಿಲ್ಲಿಸಿದ್ದಿರಿ. ‘ಹಾಲಿನಲ್ಲೇ ಔಷಧಿ: ಮನುಷ್ಯರ ಜೀನ್ ಹೊತ್ತ ಹಸು’ ಎಂಬ ಬರಹದ ಕೆಳಗೆ ಕಪ್ಪು ಬಿಳುಪಿನ ಸೀಮೆಹಸು, ಅದರ ಹಗ್ಗ ಹಿಡಿದು ನಗುತ್ತಿರುವ ಒಬ್ಬ ಹೆಂಗಸು. ಅದೇ ಚಿತ್ರವನ್ನು ಕರಪತ್ರದಲ್ಲೂ ಅಚ್ಚು ಹಾಕಿಸಿ ಊರೆಲ್ಲ ಹಂಚಿಸಿದಿರಿ. ಆ ಹಸುವಿನಲ್ಲಿ ಹಸುವಿನ ಜೀನ್ ಬಿಟ್ಟರೆ ಬೇರೇನೂ ಇಲ್ಲ. ಅದು ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ಅಕ್ಕಯಮ್ಮನ ಹಸು. ಇದನ್ನು ಒಪ್ಪಿಕೊಂಡು ಒಂದು ಸಾಲಿನ ತಿದ್ದುಪಡಿ ಹಾಕಿ ಎಂದು ಕೇಳಿ ಕೇಳಿ ಸೋತು, ಈಗ ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ವಿಜ್ಞಾನದ ವೈರಿಯಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟೇ ಕೂದಲು ಬೆಳ್ಳಗಾದವಳು. ಸ್ಕಾಟ್ಲೆಂಡಿನಲ್ಲಿ ಒಂದು ಕುರಿಗೆ ಮನುಷ್ಯರ ಜೀನ್ ಸೇರಿಸಿ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು ಅದರ ಹಾಲಿನಲ್ಲಿ ಬರುವಂತೆ ಮಾಡಿದ್ದಾರೆಂದು ಪತ್ರಿಕೆಯಲ್ಲಿ ಓದಿದ ದಿನ, ನಿವೃತ್ತಿಯಾಗಿದ್ದಕ್ಕೆ ಮೊದಲ ಸಲ ಬೇಸರಪಟ್ಟೆ. ಯಾರಿಗಾದರೂ ಪಾಠ ಮಾಡಬೇಕೆನಿಸಿತ್ತು. ನಿಮ್ಮ ಕೇಂದ್ರಕ್ಕೂ ಅಷ್ಟೇ ಸಂತೋಷವಾಗಿರಬೇಕು. ಆದರೆ ಆ ಸಂತೋಷದ ಭರದಲ್ಲಿ ಕುರಿ ಹಸುವಾಯಿತು, ಸ್ಕಾಟ್ಲೆಂಡ್ ಚಾಮರಾಜಪೇಟೆಯಾಯಿತು, ಇನ್ನೂ ಪ್ರಯೋಗದ ಹಂತದಲ್ಲಿರುವುದು ಲೋಟಕ್ಕೆ ಬಗ್ಗಿಸಿಕೊಳ್ಳುವ ಔಷಧಿಯೇ ಆಗಿಹೋಯಿತು. ಇಷ್ಟು ವೇಗದ ಸಂಶೋಧನೆ ಜಗತ್ತಿನ ಬೇರಾವ ಪ್ರಯೋಗಾಲಯದಲ್ಲೂ ನಡೆದಿರಲಾರದು.

ಚಿತ್ರ ತೆಗೆದ ದಿನ ನಾನು ಅಲ್ಲೇ ಇದ್ದೆ. ಬೆಳಗ್ಗೆ ಚೊಂಬು ಹಿಡಿದು ಹಾಲಿಗೆ ಹೋದಾಗ ನಿಮ್ಮ ಛಾಯಾಗ್ರಾಹಕರು ಕೊಟ್ಟಿಗೆಯ ಮುಂದೆ ನಿಂತಿದ್ದರು. “ಹಸು ಚೆನ್ನಾಗಿದೆ, ಜೊತೆಗೆ ನಿಂತ್ಕೊಳಮ್ಮ, ಗೌರ್ಮೆಂಟ್ ಎಕ್ಸಿಬಿಶನ್‌ಗೆ” ಅಂದರು. ಅಕ್ಕಯಮ್ಮ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು. ಹಸುವಿನ ಹಣೆಗೂ ಅರಿಶಿನ ಕುಂಕುಮ ಹಚ್ಚಿದರು. ಗಂಡ ತೀರಿಕೊಂಡ ಮೇಲೆ ಈ ಹಸುವೊಂದರಿಂದಲೇ ಮನೆ ನಡೆಸಿದ ಹೆಂಗಸಿಗೆ, ಸರ್ಕಾರ ತನ್ನನ್ನು ಗಮನಿಸಿತಲ್ಲ ಎಂಬ ಹಿಗ್ಗು. ನೀವು ಯಾವ ರೀತಿ ಗಮನಿಸಿದಿರಿ ಎಂಬುದು ಪ್ರದರ್ಶನ ಶುರುವಾದ ಮೇಲೆ ತಿಳಿಯಿತು.

ಅಕ್ಕಯಮ್ಮನ ಹಾಲು ಕೊಳ್ಳುವುದನ್ನು ಮೊದಲು ಬಿಟ್ಟವರು ಎದುರುಮನೆಯ ರಾಮಸ್ವಾಮಿಯವರು. ಬ್ಯಾಂಕಿನಲ್ಲಿದ್ದವರು, ವಿದ್ಯಾವಂತರು, ದಿನಾ ಮೂರು ಪತ್ರಿಕೆ ಓದುವವರು. ಈ ಹಸು ನಿಮ್ಮ ಕಣ್ಣೆದುರಿಗೇ ಕರುವಾಗಿ ಹುಟ್ಟಿದ್ದಲ್ಲವೇ ಎಂದೆ.

“ಅದೆಲ್ಲ ಸರಿ ಮೇಡಂ,” ಎಂದು ದನಿ ತಗ್ಗಿಸಿದರು. “ಮನುಷ್ಯರ ಜೀನ್ ಅಂತ ಹಾಕಿದಾರೆ. ಯಾವ ಮನುಷ್ಯರದ್ದು ಅಂತ ಹಾಕಿಲ್ಲ ನೋಡಿ. ನಮ್ಮನೇಲಿ ದೇವರಿಗೂ ಇದೇ ಹಾಲು.”

ಗಮನಿಸಬೇಕು ನಿರ್ದೇಶಕರೇ, ನಿಮ್ಮ ವಿಜ್ಞಾನಪ್ರಚಾರದ ಮೊದಲ ಫಲ ಇದು. ಜೀನ್ ಎಂದರೇನೆಂದು ಜನರಿಗೆ ತಿಳಿಯಿತೋ ಇಲ್ಲವೋ, ಅದಕ್ಕೂ ಜಾತಿ ಇರಬಹುದೆಂಬ ಚಿಂತೆ ಮಾತ್ರ ಹತ್ತಿಕೊಂಡಿತು. ಬೀದಿಯ ಕೊನೆಯ ಗಣಪತಿ ಗುಡಿಯವರು ಅಭಿಷೇಕಕ್ಕೆ ಪ್ಯಾಕೆಟ್ ಹಾಲು ತರಿಸತೊಡಗಿದರು. ಬಾಣಂತಿಯಿದ್ದ ಮನೆಯವರು ಬಿಟ್ಟರು. ಒಂದೊಂದಾಗಿ ಚೊಂಬುಗಳು ಕಡಿಮೆಯಾಗಿ, ಕರೆದ ಹಾಲನ್ನು ಅಕ್ಕಯಮ್ಮ ಕಾಯಿಸಿ ಹೆಪ್ಪು ಹಾಕುವಂತಾಯಿತು. ಆ ಮೊಸರನ್ನೂ ಕೊಳ್ಳುವವರಿರಲಿಲ್ಲ.

ಅಕ್ಕಯಮ್ಮನನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಮೇಜಿನ ಹಿಂದಿದ್ದ ಗುಮಾಸ್ತರು ಬಹಳ ತಾಳ್ಮೆಯಿಂದ ನನಗೆ ಕನ್ನಡ ಕಲಿಸಿದರು. “ಅದು ಪ್ರಾತಿನಿಧಿಕ ಚಿತ್ರ ಮೇಡಂ. ಅಂದ್ರೆ ಅಂಥಾ ಹಸು ಇದ್ರೆ ಹಿಂಗಿರತ್ತೆ ಅಂತ.”

“ಹಾಗಂತ ಅಲ್ಲಿ ಬರೆದಿಲ್ಲವಲ್ಲ?”

“ಬರೆದ್ರೆ ಜನ ನಿಂತು ನೋಡಲ್ಲ ಮೇಡಂ.”

ಇಷ್ಟೇ ಆಗಿದ್ದರೆ ಒಬ್ಬ ಹೆಂಗಸಿನ ಹೊಟ್ಟೆಪಾಡಿನ ತಕರಾರು ಎಂದು ನೀವು ಈ ಪತ್ರವನ್ನು ಮಡಿಸಿಡಬಹುದಿತ್ತು. ಮಾರ್ಚಿನಲ್ಲಿ ನಡೆದದ್ದನ್ನೂ ಕೇಳಿ.

ಒಂದು ಬೆಳಗ್ಗೆ ಕೊಟ್ಟಿಗೆಯ ಮುಂದೆ ಆಟೋ ನಿಂತಿತು. ಇಳಿದವರು ಓಕಳಿಪುರದ ಮುನಿರತ್ನಮ್ಮ, ಕೈಯಲ್ಲಿ ನಿಮ್ಮ ಕರಪತ್ರ, ಬೆಳಗಿದ ಒಂದು ಸ್ಟೀಲಿನ ತಂಬಿಗೆ. ಆಟೋದೊಳಗೆ ಕಾಲು ನೀಡಿಕೊಂಡು ಕೂತಿದ್ದವನು ಅವರ ಮಗ ಮುನೇಶ್. ಇಪ್ಪತ್ತೆರಡರ ಪ್ರಾಯ, ತಾಯಿಯ ಜೊತೆ ಸೊಪ್ಪಿನ ವ್ಯಾಪಾರ. ಹುಟ್ಟಿನಿಂದಲೇ ಅವನ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಕೀಲಿನೊಳಗೆ ರಕ್ತ ಒಸರಿ ಮಂಡಿ ತೆಂಗಿನಕಾಯಿಯಂತೆ ಊದಿತ್ತು.

“ಇದೇ ಹಸು ಅಲ್ವಾಮ್ಮ?” ಎಂದು ಮುನಿರತ್ನಮ್ಮ ಕರಪತ್ರ ಚಾಚಿದರು.

“ಹಸು ಇದೇ ಕಣಕ್ಕ. ಬರ್ದಿರೋದು ಸುಳ್ಳು. ಇದು ಬರೀ ಹಾಲು,” ಎಂದರು ಅಕ್ಕಯಮ್ಮ.

“ಹಂಗನ್ಬೇಡಿ. ದೊಡ್ಡೋರಿಗೆ ಅಂತ ಇಟ್ಟಿದ್ರೆ ಇಟ್ಕೊಳಿ. ನಮ್ಗೊಂದು ಲೋಟ ಸಾಕು, ಇವ್ನೊಬ್ನಿಗೆ.”

ಎಷ್ಟು ಹೇಳಿದರೂ ಆಕೆ ಒಪ್ಪದಿದ್ದಾಗ ಅಕ್ಕಯಮ್ಮ ನನ್ನನ್ನು ಕರೆಸಿದರು. ನಾನು ಹೋಗಿ ಹೇಳಿದೆ: ಅಂಥ ಹಸು ನಮ್ಮಲ್ಲಿ ಇಲ್ಲ. ಹೊರದೇಶದ ಆ ಕುರಿಯ ಹಾಲನ್ನೂ ಹಾಗೆಯೇ ಕುಡಿದರೆ ಪ್ರಯೋಜನವಿಲ್ಲ. ಹೊಟ್ಟೆಯಲ್ಲಿ ಬೇರೆ ಆಹಾರದಂತೆ ಅರಗಿಹೋಗುತ್ತದೆ. ಹಾಲಿನಿಂದ ಆ ಪ್ರೋಟೀನನ್ನು ಬೇರ್ಪಡಿಸಿ, ಶುದ್ಧಮಾಡಿ, ಪರೀಕ್ಷಿಸಿ, ಸೂಜಿಯಲ್ಲಿ ರಕ್ತಕ್ಕೆ ಕೊಡಬೇಕು. ಅದಕ್ಕೆ ಇನ್ನೂ ವರ್ಷಗಳು ಬೇಕು.

ಮುನಿರತ್ನಮ್ಮ ಪೂರ್ತಿ ಕೇಳಿಸಿಕೊಂಡರು. “ಹಂಗಾದ್ರೆ ಇಷ್ಟು ದೊಡ್ಡಕ್ಷರದಲ್ಲಿ ಯಾಕೆ ಹಾಕ್ಸಿದ್ರು? ಗೌರ್ಮೆಂಟಿನೋರು ಸುಮ್ಸುಮ್ನೆ ಹಾಕ್ತಾರಾ?”

ನಿಮ್ಮ ಮೇಲೆ ಈ ನಗರದಲ್ಲಿ ಇನ್ನೂ ಇಷ್ಟು ನಂಬಿಕೆ ಇಟ್ಟವರಿದ್ದಾರೆ, ನಿರ್ದೇಶಕರೇ. ತಿಳಿದಿರಲಿ.

ಆಟೋದೊಳಗಿಂದ ಮುನೇಶ್ ಹೇಳಿದ: “ನಾನೇ ಓದಿ ಹೇಳಿದ್ದು ಟೀಚರ್. ನಮ್ಮಮ್ಮಂಗೆ ಓದಕ್ಕೆ ಬರಲ್ಲ. ನಾನು ಓದ್ಬಾರದಾಗಿತ್ತು.”

ಕರಪತ್ರದಲ್ಲಿ ವಿಳಾಸವಿರಲಿಲ್ಲ. ಆ ತಾಯಿ ಓಕಳಿಪುರದಿಂದ ಇಲ್ಲಿಯವರೆಗೆ ಒಂದೊಂದೇ ಕೊಟ್ಟಿಗೆಗೆ ಹೋಗಿ ಚಿತ್ರ ತೋರಿಸಿ ವಿಚಾರಿಸಿದ್ದರು. ಮಾಮೂಲಿಯಾಗಿ ಮಂಡಿ ಊದಿದ ದಿನವೇ ಆಸ್ಪತ್ರೆಗೆ ಹೋಗಿ, ರಕ್ತ ಹೆಪ್ಪುಗಟ್ಟಿಸುವ ಅಂಶವಿರುವ ಪ್ಲಾಸ್ಮಾ ಹಾಕಿಸುತ್ತಿದ್ದವರು, ಈ ಸಲ ಹಾಲು ಸಿಕ್ಕರೆ ಸೂಜಿಯೇ ತಪ್ಪೀತೆಂದು ಕಾದಿದ್ದರು. ಅಷ್ಟು ದಿನವೂ ಅವನು ಮಂಡಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮನೆಯಲ್ಲಿ ಮಲಗಿದ್ದ.

ಅದೇ ಆಟೋದಲ್ಲಿ ನಾನೂ ಹತ್ತಿ ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರು ಮೊದಲು ಪ್ಲಾಸ್ಮಾ ಹಾಕಿದರು, ಆಮೇಲೆ ಬೈದರು. ಹೊರಡುವ ಮುಂಚೆ ಅಕ್ಕಯಮ್ಮ ಆ ತಂಬಿಗೆಗೆ ಹಾಲು ತುಂಬಿಕೊಟ್ಟಿದ್ದರು. “ಔಷಧಿ ಅಲ್ಲ ಕಣಕ್ಕ. ಹಾಲು ಅಂತಲೇ ಕುಡೀರಿ,” ಎಂದು ಎರಡೆರಡು ಸಲ ಹೇಳಿದರು. ಮುನೇಶನ ಊತ ಇಳಿಯಿತು, ಮಂಡಿ ಮಾತ್ರ ಮೊದಲಿನಂತೆ ಮಡಿಸಲು ಬರುತ್ತಿಲ್ಲ. ನೆಲದ ಮೇಲೆ ಕೂತು ಸೊಪ್ಪು ಮಾರುತ್ತಿದ್ದವನು ಈಗ ಸ್ಟೂಲಿನ ಮೇಲೆ ಕಾಲು ಚಾಚಿ ಕೂರುತ್ತಾನೆ. ತಡಮಾಡದೆ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದು ವೈದ್ಯರು ನನಗೆ ಹೇಳಿದರು. ತಾಯಿಗೆ ಹೇಳಲಿಲ್ಲ.

ಇದನ್ನೆಲ್ಲ ನಿಮಗೆ ಮುಖತಃ ಹೇಳಲು ಮತ್ತೆ ಬಂದೆ. ಈ ಸಲ ಸಿಕ್ಕಿದಿರಿ, ಕಾಫಿಯನ್ನೂ ತರಿಸಿದಿರಿ. ಎಲ್ಲ ಕೇಳಿ ನೀವು ಆಡಿದ ಮಾತು ಇದು: “ಅಷ್ಟೆಲ್ಲ ಹುಡುಕ್ಕೊಂಡು ಬಂದಿದಾರೆ ಅಂದ್ರೆ ನಮ್ಮ ಪ್ರಚಾರ ಜನಕ್ಕೆ ತಲುಪಿದೆ ಅಂತ ಆಯ್ತಲ್ಲ ಮೇಡಂ?” ತಲುಪಿದೆ. ಓಕಳಿಪುರಕ್ಕೆ ತಲುಪಿದೆ, ಆ ಹುಡುಗನ ಮಂಡಿಗೂ ತಲುಪಿದೆ. ಯಶಸ್ಸು ಎಂದು ಬರೆದುಕೊಳ್ಳುವುದಾದರೆ ಇದನ್ನೂ ಸೇರಿಸಿ ಬರೆದುಕೊಳ್ಳಿ.

ಆಮೇಲೂ ಜನ ಬರುತ್ತಲೇ ಇದ್ದಾರೆ. ಒಬ್ಬರು ಶ್ವಾಸಕೋಶಕ್ಕೆ, ಒಬ್ಬರು ಸಕ್ಕರೆ ಕಾಯಿಲೆಗೆ. ಮೊನ್ನೆ ಒಬ್ಬ ಮುದುಕರು ಹೆಂಡತಿಯ ಮರೆವಿಗೆ. ಬೇಕೆಂದರೆ ಅಕ್ಕಯಮ್ಮ ಒಂದೊಂದು ಲೋಟಕ್ಕೆ ಕೇಳಿದಷ್ಟು ತೆಗೆದುಕೊಳ್ಳಬಹುದಿತ್ತು. ಬೀದಿಯಲ್ಲಿ ಹಾಗೆ ಸಲಹೆ ಕೊಟ್ಟವರೂ ಇದ್ದಾರೆ. ಅವರು ಮಾಡಿದ್ದಿಷ್ಟೇ: ಹಸುವನ್ನು ರಸ್ತೆಗೆ ಕಾಣದಂತೆ ಹಿತ್ತಿಲಿನಲ್ಲಿ ಕಟ್ಟಿದರು. ಹೋದ ವಾರ ನನ್ನ ಮನೆ ಮೆಟ್ಟಿಲ ಮೇಲೆ ಬಂದು ಕೂತರು.

“ಟೀಚರಮ್ಮ, ಹಾಲು ಹೋಗ್ದಿದ್ರೆ ಹೋಗ್ಲಿ, ಎಲ್ಲಾದ್ರೂ ಮನೆಗೆಲ್ಸ ಹಿಡೀತೀನಿ. ಆದ್ರೆ ಕಾಯ್ಲೆ ಬಿದ್ದೋರ ಮುಖ ನೋಡಿ ‘ಇಲ್ಲ’ ಅನ್ನೋ ಕೆಲ್ಸ ನನ್ ಕೈಲಾಗಲ್ಲ. ಯಾರು ಬರೆಸಿದ್ರೋ ಅವ್ರೇ ಬಂದು ಹೇಳ್ಲಿ.”

ನನ್ನ ಬೇಡಿಕೆಯೂ ಅದೇ. ಪ್ರದರ್ಶನ ಮುಗಿದ ಮೇಲೂ ನಿಮ್ಮ ಕಚೇರಿಯ ಮುಂದೆ ನಿಲ್ಲಿಸಿಕೊಂಡಿರುವ ಆ ಫಲಕ ತೆಗೆಸಿ. ‘ಅಂಥ ಹಸು ನಮ್ಮಲ್ಲಿಲ್ಲ, ಅಂಥ ಹಾಲು ಕುಡಿದರೆ ಕಾಯಿಲೆ ವಾಸಿಯಾಗುವುದಿಲ್ಲ, ಆಸ್ಪತ್ರೆಗೆ ಹೋಗಿ’ ಎಂದು ಮೊದಲು ಹಾಕಿಸಿದಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಮೊದಲು ಹಂಚಿದಲ್ಲೆಲ್ಲ ಹಂಚಿಸಿ. ಅದಾಗುವವರೆಗೆ ದಿನಾ ಬೆಳಗ್ಗೆ ಬಂದು ಅಕ್ಕಯಮ್ಮನ ಬಾಗಿಲಲ್ಲಿ ನೀವೇ ನಿಲ್ಲಿ. ತಂಬಿಗೆ ಹಿಡಿದು ಬಂದವರ ಮುಖ ನೋಡಿ ‘ಇಲ್ಲ’ ಎಂದು ಹೇಳಿ. ಆಗಲೂ ನಿಮ್ಮ ಗುಮಾಸ್ತರ ಆ ‘ಪ್ರಾತಿನಿಧಿಕ’ ಎಂಬ ಪದ ನಿಮ್ಮ ಬಾಯಿಂದ ಹೊರಟರೆ ನಾನು ಈ ಪತ್ರವನ್ನು ವಾಪಸು ತೆಗೆದುಕೊಳ್ಳುತ್ತೇನೆ.

ಇಂತಿ,
ಸದ್ಯಕ್ಕೆ ಆ ಬಾಗಿಲಲ್ಲಿ ನಿಮ್ಮ ಪರವಾಗಿ, ನೇಮಕಾತಿಯಿಲ್ಲದೆ ನಿಂತಿರುವ
ಸುಂದರಮ್ಮ
ಚಾಮರಾಜಪೇಟೆ, ಮೇ ೧೯೯೯