ಅಪ್ಪನ ಕೈಮಾತು

ಮನೆಯಿಂದ,
ಹತ್ತನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ತಂಗಿಯ ನಮಸ್ಕಾರ. ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೆ? ಅತ್ತಿಗೆಯ ಕೆಮ್ಮು ನಿಂತಿತೆ? ಹೋದ ಕಾಗದದಲ್ಲೂ ಇದನ್ನೇ ಕೇಳಿದ್ದೆ. ನೀನು ಬರೆದದ್ದು ಎರಡೇ ಮಾತು: "ಎಲ್ಲ ಕ್ಷೇಮ, ಮುಂದಿನ ತಿಂಗಳು ಬರ್ತೀನಿ." ನಿನ್ನ ಆ ಮುಂದಿನ ತಿಂಗಳು ಯಾವ ಕ್ಯಾಲೆಂಡರಿನಲ್ಲೂ ಇಲ್ಲ ಕಣೋ ಅಣ್ಣ. ಕೋಪ ಮಾಡಿಕೊಳ್ಳಬೇಡ, ಜಗಳ ಆಡುವುದಕ್ಕೂ ನನಗೆ ಇಲ್ಲಿ ಬೇರೆ ಯಾರಿದ್ದಾರೆ?

ಅಪ್ಪನಿಗೆ ಲಕ್ವ ಹೊಡೆದು ಮಾತು ಬಿದ್ದುಹೋದದ್ದು ನಿನಗೆ ಗೊತ್ತು. ಗಿರಣಿಯ ಸದ್ದಿಗೆ ಕಿವಿ ಮೊದಲೇ ಹೋಗಿತ್ತು. ಬರೆದು ತಿಳಿಸಲಿ ಎಂದರೆ ಬಲಗೈ ಸ್ವಾಧೀನದಲ್ಲಿಲ್ಲ, ಓದುಬರಹವಂತೂ ಅವರಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಈಚೆಗೆ ಊಟವನ್ನೂ ಬಿಡುತ್ತ ಬಂದರು. ಎರಡು ತುತ್ತು ತಿಂದರೆ ಹೆಚ್ಚು, ಆಮೇಲೆ ಗೋಡೆಯ ಕಡೆ ಮುಖ. ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಎಂದರು ಡಾಕ್ಟರು. ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದು ಹೇಗೆ? ನಾನು ಏನೋ ಸನ್ನೆ ಮಾಡಿ ಕೇಳಿದರೆ, ರೋಗಿ ನಾನೇ ಎನ್ನುವಂತೆ ಮರುಕದಿಂದ ನೋಡುತ್ತಿದ್ದರು. ಹೀಗೇ ಆದರೆ ಅಪ್ಪ ಉಳಿಯುವುದಿಲ್ಲ ಎಂದು ಒಳಗೊಳಗೇ ಬೇಯುತ್ತಿದ್ದೆ.

ಅಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸಮ್ಮ ಮನೆಗೆ ಬಂದರು. ಮುಚ್ಚಿದ ಗಿರಣಿಯ ಮಗ್ಗದ ಷೆಡ್ಡನ್ನು ಗುಡಿಸಿ, ಅಲ್ಲಿ ನಮ್ಮ ಓಣಿಯ ಹಳೆಯ ನೆನಪಿನ ದಿನ ಮಾಡುತ್ತಾರಂತೆ. ಮೂಲೆ ಹಿಡಿದ ಹಿರಿಯರನ್ನೆಲ್ಲ ಹೊರಗೆ ಕರೆತಂದು ಹಾಡಿಸುವುದು, ಚಿತ್ರ ಬರೆಸುವುದು, ಜೊತೆಗೆ ಬಿ.ಪಿ. ನೋಡುವುದು. "ಒಂಟಿತನಾನೂ ಕಾಯಿಲೇನೇ ಕಣಮ್ಮಾ, ಅದಕ್ಕೆ ಅಂಗಡೀಲಿ ಮಾತ್ರೆ ಸಿಗಲ್ಲ" ಎಂದರು. ನನಗೆ ನಗು ಬಂತು. ಚರಂಡಿ ಕಟ್ಟಿಕೊಂಡು ಓಣಿಯೇ ನಾರುತ್ತಿದೆ, ಇವರಿಗೆ ಹಾಡು ಬೇಕಂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಆದರೂ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ತಾನೆ? ಅಪ್ಪನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದೆ.

ಒಂದು ಮಗ್ಗಕ್ಕೆ ಎಣ್ಣೆ ಬಿಟ್ಟು ಸರಿಮಾಡಿದ್ದರು. ಅದು ಓಡತೊಡಗಿದ್ದೇ ತಡ, ನೆಲ ಅದುರಿತು, ಅಪ್ಪ ತಲೆ ಎತ್ತಿದರು. ಎದುರಿಗೆ ಗಿಡ್ಡತ್ತೆ ಕೂತಿದ್ದಳು, ಅದೇ ಅಪ್ಪನ ಪಕ್ಕದ ಮಗ್ಗದಲ್ಲಿ ನೇಯುತ್ತಿದ್ದವಳು. ಅವಳು ಬೆರಳಾಡಿಸಿದಳು. ಅಪ್ಪನ ಎಡಗೈ ಮೇಲೆದ್ದಿತು! ಆ ಗದ್ದಲದಲ್ಲಿ ಕೂಗಿದರೂ ಕೇಳುವುದಿಲ್ಲವೆಂದು ಗಿರಣಿಯವರೆಲ್ಲ ಬೆರಳಲ್ಲೇ ಮಾತಾಡುತ್ತಿದ್ದರಂತೆ. ಗೇಟಿನ ಒಳಗಿನ ಆ ಭಾಷೆಯನ್ನು ಅಪ್ಪ ಮನೆಗೆ ತಂದವರೇ ಅಲ್ಲ. "ನನ್ನ ಹಲ್ಲೆಲ್ಲ ಎಲ್ಲಿ ಮಾರ್ಕೊಂಡೆ ಅಂತ ಕೇಳ್ತಿದ್ದಾನೆ ನಿಮ್ಮಪ್ಪ" ಎಂದು ಗಿಡ್ಡತ್ತೆ ಬಿದ್ದು ಬಿದ್ದು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನರ್ಸಮ್ಮ ಅತ್ತೇಬಿಟ್ಟರು, ನನಗೂ ಹೋದ ಜೀವ ಬಂದಂತಾಯಿತು. ಆಮೇಲೆ ಅಪ್ಪನ ಬೆರಳು ನಿಧಾನವಾಯಿತು. ಬಹಳ ಹೊತ್ತು ಏನೋ ಹೇಳಿದರು. ಗಿಡ್ಡತ್ತೆಯ ನಗು ನಿಂತಿತು. ನನ್ನನ್ನೊಮ್ಮೆ ನೋಡಿ ನೆಲ ನೋಡಿದಳು. ಏನಂದರು ಎಂದು ಕೇಳಿದರೆ, "ಮನೆಗೆ ಬಂದು ಹೇಳ್ತೀನಿ ಮಗಾ" ಎಂದಳು. ಒಳ್ಳೆಯ ಸುದ್ದಿಯಾಗಿದ್ದರೆ ಅಲ್ಲೇ ಹೇಳುತ್ತಿದ್ದಳು.

ಬಂದು ಹೇಳಿದಳು. ಅದನ್ನು ಬರೆಯಬೇಕೆಂದೇ ಕೂತಿದ್ದೇನೆ, ಕೈ ಏಳುತ್ತಿಲ್ಲ. ಅಪ್ಪ ಕೈ ಎತ್ತಿದ ಫೋಟೋ ಈಗ ಆರೋಗ್ಯ ಕೇಂದ್ರದ ಗೋಡೆಯ ಮೇಲಿದೆ. ಎಷ್ಟು ಗೆಲುವಾಗಿದ್ದಾರೆ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಹೇಳುತ್ತಾರೆ. ನಾನು ಹೂಂ ಎಂದು ಮನೆಗೆ ಬಂದು ಬಚ್ಚಲಲ್ಲಿ ಅಳುತ್ತೇನೆ. ಇನ್ನು ನನ್ನಿಂದ ಆಗುವುದಿಲ್ಲ ಅಣ್ಣ, ನಿಜವಾಗಿಯೂ ಆಗುವುದಿಲ್ಲ.

ಅತ್ತಿಗೆಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಈ ಅತ್ತೆಯ ಮುತ್ತು, ನೂರು ಕಾಲ ಬಾಳಲಿ.

ಇಂತಿ,
ನೀನೇ ಹೆಸರಿಟ್ಟ ಬಾಯಿಬಡುಕಿ

ವಿ.ಸೂ.: ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಅಪ್ಪ ಹೇಳಿದ್ದು ಇಷ್ಟು: "ನನ್ನ ಮಗ ತೀರಿಕೊಂಡಿದ್ದಾನೆ. ನನಗೆ ಗೊತ್ತಾಗಬಾರದು ಅಂತ ಈ ಹುಡುಗಿ ಒಬ್ಬಳೇ ನುಂಗ್ಕೊಂಡಿದ್ದಾಳೆ. ಬಚ್ಚಿಟ್ಟಿದ್ದು ಸಾಕು ಅಂತ ಅವಳಿಗೆ ಹೇಳು." ಇಲ್ಲ, ನೀನು ಚೆನ್ನಾಗಿದ್ದೀಯ ಎಂದು ಗಿಡ್ಡತ್ತೆಯ ಕೈಯಲ್ಲಿ ಹೇಳಿಸಿದೆ. ನಿನ್ನ ಕಾಗದ ತೋರಿಸಿದೆ. ನಮ್ಮಿಬ್ಬರಿಗೂ ಅಕ್ಷರ ತಿದ್ದಿಸಿದ್ದು ಅಮ್ಮನೇ ಅಲ್ಲವೆ, ಇಬ್ಬರ ಬರಹವೂ ಒಂದೇ. ಅದನ್ನೂ ನಾನೇ ಬರೆದೆನೆಂದು ತಿಳಿದು ನನ್ನ ತಲೆ ಸವರಿದರು. ಫೋನು ಅವರಿಗೆ ಕೇಳಿಸುವುದಿಲ್ಲ. ನಿನ್ನೆ ಮತ್ತೆ ಗಿಡ್ಡತ್ತೆಯ ಮೂಲಕ ಕೇಳಿದರು, "ಹೌದು ಅಂದುಬಿಡು ಮಗಳೇ" ಎಂದು. ವಾದಿಸಿ ವಾದಿಸಿ ಸೋತಿದ್ದೆ ಅಣ್ಣ. ಹೌದೆಂದು ತಲೆಯಾಡಿಸಿದೆ. ಬಹಳ ಹೊತ್ತು ಅತ್ತರು. ಆಮೇಲೆ ತಾವೇ ತಟ್ಟೆ ಕೇಳಿ ಹಾಕಿಸಿಕೊಂಡು ಹೊಟ್ಟೆತುಂಬ ಉಂಡರು.