ಕೆಳಗಿಡಲಾಗದ ಪುಸ್ತಕ

ಮಗಳೇ,

ವಾರ್ಡಿನ ಆಯಾಳ ಕೈಗೆ ಇದನ್ನು ಕೊಟ್ಟು ಕೆಳಗೆ ಬೆಂಚಿನ ಮೇಲೆ ಕೂತಿದ್ದೇನೆ. ಡ್ಯೂಟಿ ಮುಗಿಸಿ ಲಾಕರಿನಿಂದ ಫೋನ್ ತೆಗೆಯುವ ಮೊದಲು ಓದು. ಆಫೀಸಿನ ಕಾಗದಗಳ ಹಾಗೆ 'ಐ ಬೆಗ್ ಟು ಸ್ಟೇಟ್' ಅಂತ ಶುರು ಮಾಡಬೇಕಿತ್ತು, ಮುಂದಿನದು ಮರೆತುಹೋಗಿದೆ.

"ಗೋಡೆ ನೋಡ್ತಾ ಕೂರಬೇಡಪ್ಪ" ಅಂತ ನೀನೇ ನನ್ನನ್ನು ಫೋನಿನ ಆ ಓದುಗರ ಗುಂಪಿಗೆ ಸೇರಿಸಿದೆ. ನಿನ್ನೆ ನೀನು ರಾತ್ರಿ ಡ್ಯೂಟಿಗೆ ಹೋದಮೇಲೆ ಅಲ್ಲಿ, ಕೈಯಿಂದ ಕೆಳಗಿಡಲಾಗದೆ ಓದಿದ ನೆನಪು ಹಂಚಿಕೊಳ್ಳಿ ಅಂದರು. ಒಬ್ಬರು ಹಾಲು ಉಕ್ಕಿದ್ದು ಬರೆದರು, ಇನ್ನೊಬ್ಬರು ಬಸ್ಸಿನಲ್ಲಿ ತಮ್ಮ ಸ್ಟಾಪು ದಾಟಿದ್ದು. ನಾನೂ ಬರೆದೆ. ಭರದಲ್ಲಿ ನೀನೂ ಅಲ್ಲಿದ್ದೀಯ ಎಂಬುದೇ ಮರೆತುಹೋಯಿತು.

ಒಳಗಿನಿಂದ ಅಮ್ಮ "ರೀ, ಸ್ವಲ್ಪ ಬನ್ನಿ" ಅಂದದ್ದು, ನಾನು "ತಡಿಯೇ, ಎರಡೇ ಪುಟ ಇದೆ" ಅಂದದ್ದು, ಇಷ್ಟೇ ಬರೆದದ್ದು. ಹಾಳು ಆಫೀಸಿನ ಅಭ್ಯಾಸ, ಆ ದಿನದ ತಾರೀಖನ್ನೂ ಹಾಕಿದ್ದೇನೆ. ಅದನ್ನು ನೋಡಿದ ಕೂಡಲೇ ನಿನಗೆ ಅದು ಯಾವ ಮಧ್ಯಾಹ್ನವೆಂದು ಗೊತ್ತಾಗುತ್ತದೆ.

ಅಮ್ಮ ನಿದ್ದೆಯಲ್ಲೇ ಹೋದಳು ಎಂದು ನಿನಗೆ ಹೇಳಿದ್ದು ಸುಳ್ಳು. ಅವಳು ಮತ್ತೆ ಕರೆಯಲಿಲ್ಲ. ಕೋಪ ಮಾಡಿಕೊಂಡಿದ್ದಾಳೆ ಅಂದುಕೊಂಡು ಮುಂದಿನ ಅಧ್ಯಾಯವನ್ನೂ ಓದಿದೆ.

ಗುಂಪಿನಲ್ಲಿ ನಾನೂರು ಜನ ನಗುವ ಮುಖ ಒತ್ತಿದ್ದಾರೆ. "ಸಾರ್, ಆಮೇಲೆ ಮನೆಯವರು ನಿಮ್ಮನ್ನ ಸುಮ್ಮನೆ ಬಿಟ್ರಾ?" ಅಂತ ಕೇಳುತ್ತಿದ್ದಾರೆ. ಅಡ್ಮಿನ್ ಅದನ್ನು ವಾರದ ಬರಹವೆಂದು ಮೇಲೆಯೇ ಅಂಟಿಸಿದ್ದಾರೆ. ಅಳಿಸುವುದು ಹೇಗೆಂದು ನನಗೆ ತಿಳಿಯದು.

ನೀನು ನರ್ಸು, ಎಷ್ಟು ಹೊತ್ತು ಎಂದು ಕೇಳಿಯೇ ಕೇಳುತ್ತೀಯ. ಗಡಿಯಾರ ನೋಡಿರಲಿಲ್ಲ. ಆಮೇಲೆ ಎಣಿಸಿದೆ, ಇಪ್ಪತ್ತೆರಡು ಪುಟ.

ಬೈಯುವುದಿದ್ದರೆ ಇಲ್ಲಿಗೇ ಬಂದು ಬೈ. ಹಿಂದಿನ ಗೇಟಿನಿಂದ ಮಾತ್ರ ಹೊರಟುಹೋಗಬೇಡ.

ನಿನ್ನ
ಅಪ್ಪ